ಸ್ನೋ ವೈಟ್‌ನ ರಾಣಿಯನ್ನು ಒಳ್ಳೆಯವಳನ್ನಾಗಿ ಮಾಡಬೇಡಿ

ಪ್ರಶ್ನೆ: ಸ್ನೋ ವೈಟ್ ಕತೆಯನ್ನು ಮಲತಾಯಿ ರಾಣಿಯ ಕಡೆಯಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಲವತ್ತು ಪುಟದ ನೀಳ್ಗತೆ. ಓದುವವರಿಗೆ ರಾಣಿಯ ಬಗ್ಗೆ ಕನಿಕರ ಬರಬೇಕು, ಆದರೆ ಅವಳ ತಪ್ಪು ತಪ್ಪಾಗಿಯೇ ಉಳಿಯಬೇಕು. ಮೊದಲ ಕರಡಿನಲ್ಲಿ ಅವಳಿಗೆ ಕಷ್ಟದ ಬಾಲ್ಯ ಕೊಟ್ಟೆ. ತಾಯಿ ಅವಳನ್ನು ಕುರೂಪಿ ಅಂತ ಹೀಗಳೆಯುತ್ತಿದ್ದಳು, ಮದುವೆಯಾದ ಮೇಲೆ ರಾಜ ಹೊಡೆಯುತ್ತಿದ್ದ. ಓದಿದ ಗೆಳತಿ "ಇವಳು ಪಾಪದವಳು ಕಣೇ, ಸ್ನೋ ವೈಟೇ ಕೆಟ್ಟವಳು ಅನ್ನಿಸ್ತು" ಅಂದಳು. ಎರಡನೇ ಕರಡಿನಲ್ಲಿ ಅದನ್ನೆಲ್ಲ ತೆಗೆದೆ. ಈಗ ತಮ್ಮ "ಇದು ಹಳೇ ಕತೆನೇ ಅಲ್ವಾ, ಹೊಸದೇನಿದೆ?" ಅನ್ನುತ್ತಾನೆ. ಎಲ್ಲಿ ಎಡವುತ್ತಿದ್ದೇನೆ? ಕೊನೆಯಲ್ಲಿ ಅವಳನ್ನು ಕ್ಷಮಿಸಬೇಕೇ, ಸಾಯಿಸಬೇಕೇ?

ಉತ್ತರ: ನಿಮ್ಮ ಗೆಳತಿ ಹೇಳಿದ್ದೂ ಸರಿ, ತಮ್ಮ ಹೇಳಿದ್ದೂ ಸರಿ. ಮೊದಲ ಕರಡಿನಲ್ಲಿ ನೀವು ರಾಣಿಯ ಪರ ವಾದ ಮಾಡಿದ್ದೀರಿ. ಎರಡನೆಯದರಲ್ಲಿ ಅವಳ ಕೈಬಿಟ್ಟಿದ್ದೀರಿ. ಎರಡರಲ್ಲೂ ಅವಳು ಏನು ಮಾಡುತ್ತಾಳೆ ಅಂತ ಹತ್ತಿರ ನಿಂತು ನೋಡಿಲ್ಲ. ನೀವು ಕಳಿಸಿದ ಪುಟಗಳಲ್ಲಿ ರಾಣಿ ಅಳುತ್ತಾಳೆ, ಹಳೆಯದನ್ನು ನೆನೆಯುತ್ತಾಳೆ, ಕಿಟಕಿಯಾಚೆ ನೋಡುತ್ತಾಳೆ. ಅಷ್ಟೇ. ಮೂಲ ಕತೆಯ ರಾಣಿ ಹಾಗಲ್ಲ. ಒಂದು ಗಳಿಗೆ ಸುಮ್ನೆ ಕೂರುವವಳಲ್ಲ ಅವಳು.

ಹಾಗಾಗಿ ಹೊಸದಾಗಿ ಏನನ್ನೂ ಸೇರಿಸುವ ಮೊದಲು ಹಳೆಯದನ್ನು ಇನ್ನೊಮ್ಮೆ ಓದಿ. ಸಿನಿಮಾ ಬೇಡ, ಗ್ರಿಮ್ ಸಹೋದರರ ಕತೆ ಓದಿ. ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಕೂತಿರುವುದು 1937ರ ಡಿಸ್ನಿ ಸಿನಿಮಾದ ರಾಣಿ. ಅವಳು ಬಂಡೆಯ ತುದಿಯಿಂದ ಬಿದ್ದು ಸಾಯುತ್ತಾಳೆ. ರಾಜಕುಮಾರ ಮುತ್ತು ಕೊಟ್ಟು ಹುಡುಗಿಯನ್ನು ಎಬ್ಬಿಸುತ್ತಾನೆ. ಗ್ರಿಮ್ ಕತೆಯಲ್ಲಿ ಈ ಎರಡೂ ಇಲ್ಲ. ಕುಳ್ಳರಿಗೆ ಹೆಸರೂ ಇಲ್ಲ. ಸಿನಿಮಾದವರು ಇಟ್ಟ ಹೆಸರುಗಳನ್ನು ನಿಮ್ಮ ಕತೆಗೆ ತರಬೇಡಿ. ಗ್ರಿಮ್ ಕತೆ ಎಲ್ಲರ ಸ್ವತ್ತು, ಸಿನಿಮಾದ ಹೆಸರುಗಳು ಹಾಗಲ್ಲ.

ಯಾಕೋಬ್ ಮತ್ತು ವಿಲ್‌ಹೆಲ್ಮ್ ಗ್ರಿಮ್ ಈ ಕತೆಯನ್ನು ಮೊದಲು ಅಚ್ಚು ಹಾಕಿಸಿದ್ದು 1812ರಲ್ಲಿ. ಆ ಆವೃತ್ತಿಯಲ್ಲಿ ಮಲತಾಯಿಯೇ ಇಲ್ಲ. ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಹಿಮ ಬೀಳುವ ದಿನ ಕಿಟಕಿಯ ಹತ್ತಿರ ಹೊಲಿಗೆ ಹಿಡಿದು ಕೂತವಳು ಅವಳೇ. ಬೆರಳಿಗೆ ಸೂಜಿ ಚುಚ್ಚಿ ಹಿಮದ ಮೇಲೆ ಮೂರು ಹನಿ ರಕ್ತ ಬೀಳುತ್ತದೆ. ಹಿಮದಂತೆ ಬಿಳಿ, ರಕ್ತದಂತೆ ಕೆಂಪು, ಕಿಟಕಿಯ ಚೌಕಟ್ಟಿನಂತೆ ಕಪ್ಪು, ಇಂಥ ಮಗು ಬೇಕು ಅಂತ ಅವಳು ಬಯಸುತ್ತಾಳೆ. ಮುಂದೆ ಅದೇ ಮಗುವನ್ನು ಕೊಂದು ಶ್ವಾಸಕೋಶ, ಲಿವರ್ ತಂದುಕೊಡು ಅಂತ ಬೇಟೆಗಾರನಿಗೆ ಹೇಳುವವಳೂ ಅವಳೇ. 1819ರ ಎರಡನೇ ಆವೃತ್ತಿಯಲ್ಲಿ ಅಣ್ಣತಮ್ಮ ಇದನ್ನು ಬದಲಿಸಿದರು. ಹೆತ್ತವಳು ಹೆರಿಗೆಯಾದ ಕೂಡಲೇ ತೀರಿಕೊಂಡಳು, ವರ್ಷ ಕಳೆದು ರಾಜ ಇನ್ನೊಂದು ಮದುವೆಯಾದ. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕತೆಯಲ್ಲೂ ಇದೇ ಆಯಿತು. ಮಕ್ಕಳನ್ನು ಕಾಡಿಗೆ ಬಿಟ್ಟು ಬರೋಣ ಅಂದವಳು ಮೊದಲು ತಾಯಿಯಾಗಿದ್ದಳು, ಮುಂದೆ ಮಲತಾಯಿಯಾದಳು.

ಓದುವವರಿಗೆ ನೆಮ್ಮದಿಯಾಗಲಿ ಅಂತ ಮಾಡಿದ ಬದಲಾವಣೆ ಇದು. ಹೆತ್ತವಳು ಹೀಗೆ ಮಾಡುತ್ತಾಳಾ ಅನ್ನುವ ಪ್ರಶ್ನೆಯೇ ಏಳುವುದಿಲ್ಲವಲ್ಲ. ಹಾಗಾದರೆ ಮತ್ತೆ ಹೆತ್ತ ತಾಯಿಯನ್ನೇ ತರೋಣವೇ ಅಂತ ನೀವು ಕೇಳಬಹುದು. ತರಬಹುದು. ನಾನಾಗಿದ್ದರೆ ತರುತ್ತಿರಲಿಲ್ಲ. ಮಲತಾಯಿಯಲ್ಲಿ ನಿಮಗೆ ಒಂದು ಲಾಭ ಇದೆ. ಬೇರೊಬ್ಬಳು ಹರಕೆ ಹೊತ್ತು ಹಡೆದ ಕೂಸು ಓಡಾಡುತ್ತಿರುವ ಮನೆಗೆ ಇವಳು ಬರುತ್ತಾಳೆ. ಆ ಕೂಸಿನ ಬಿಳುಪು, ಕೆಂಪು, ಕಪ್ಪು ಮೂರೂ ಸತ್ತವಳು ಆರಿಸಿದ್ದು. ಅರಮನೆಯ ಪ್ರತಿ ಆಳಿಗೂ ಆ ಕತೆ ಗೊತ್ತಿರುತ್ತದೆ. ಮಗುವಿಗೆ ತಲೆ ಬಾಚುವಾಗಲೆಲ್ಲ ಯಾರಾದರೂ ಅದನ್ನು ಹೇಳುತ್ತಿರುತ್ತಾರೆ. ರಾಣಿಯ ಬಾಲ್ಯಕ್ಕೆ ಹೋಗದೆಯೇ ನಿಮಗೆ ಕನಿಕರ ಸಿಕ್ಕಿತಲ್ಲ. ಅದೂ ಕತೆಯೊಳಗಿಂದಲೇ.

ಬಾಲ್ಯದ ಗೋಳು ಯಾಕೆ ಬೇಡ ಅನ್ನುತ್ತೇನೆ ಅಂದರೆ, ಅದು ಲೆಕ್ಕ ಚುಕ್ತಾ ಮಾಡಿಬಿಡುತ್ತದೆ. ಅವಳಿಗೆ ಹಾಗಾಯಿತು, ಅದಕ್ಕೆ ಹೀಗೆ ಮಾಡಿದಳು. ಓದುವವರು ತಲೆ ಆಡಿಸಿ ಮುಂದೆ ಹೋಗುತ್ತಾರೆ. ಅಲ್ಲಿಂದಾಚೆ ರಾಣಿ ಏನು ಮಾಡಿದರೂ ಅದನ್ನು ಅವಳು ಮಾಡಿದ್ದು ಅನ್ನಿಸುವುದಿಲ್ಲ, ಅವಳ ತಾಯಿ ಮಾಡಿಸಿದ್ದು ಅನ್ನಿಸುತ್ತದೆ. ಹೊಡೆಯುವ ರಾಜನದ್ದೂ ಇದೇ ಕತೆ. ಖಳನ ಹಿಂದೆ ಇನ್ನೊಬ್ಬ ದೊಡ್ಡ ಖಳನನ್ನು ನಿಲ್ಲಿಸಿದರೆ ಸಿಟ್ಟೆಲ್ಲ ಅವನ ಕಡೆ ಹೋಗುತ್ತದೆ. ನಿಮ್ಮ ರಾಣಿ ಖಾಲಿಯಾಗುತ್ತಾಳೆ.

ಗ್ರಿಮ್ ಕತೆಯ ರಾಜ ಇನ್ನೂ ಸ್ವಾರಸ್ಯದವನು. ಎರಡನೇ ಮದುವೆಯಾಗುತ್ತಾನೆ, ಅಲ್ಲಿಗೆ ಮಾಯ. ಮಗಳು ಕಾಣೆಯಾದರೆ ಹುಡುಕುವುದಿಲ್ಲ. ಅವಳ ಮದುವೆಯಲ್ಲೂ ಕಾಣುವುದಿಲ್ಲ. 1810ರ ಕೈಬರಹದ ಪ್ರತಿಯಲ್ಲಿ ಅವನಿಗೆ ಒಂದು ಕೆಲಸ ಇತ್ತು. ಮಗಳನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆ ಕಂಡು ದುಃಖಪಟ್ಟು, ತನ್ನ ಜೊತೆಗಿದ್ದ ವೈದ್ಯರಿಂದ ಮಗಳನ್ನು ಬದುಕಿಸಿಕೊಳ್ಳುವವನು ಅವನೇ. ಅಚ್ಚಿಗೆ ಹೋಗುವಷ್ಟರಲ್ಲಿ ಆ ಕೆಲಸವೂ ಹೋಯಿತು. ನಿಮ್ಮ ಕತೆಯಲ್ಲಿ ಅವನು ಹೊಡೆಯುವುದು ಬೇಡ. ಇಲ್ಲದಿದ್ದರೆ ಸಾಕು. ಊಟದ ಮೇಜಿನಲ್ಲಿ ಒಂದು ಕುರ್ಚಿ ಯಾವಾಗಲೂ ಖಾಲಿ ಇರಲಿ, ಅದರ ಬಗ್ಗೆ ಯಾರೂ ಮಾತಾಡದಿರಲಿ.

ಈಗ ಕನ್ನಡಿಗೆ ಬರೋಣ. ನಿಮ್ಮ ಕರಡಿನಲ್ಲಿ ಕನ್ನಡಿಯೊಳಗೆ ಒಂದು ದೆವ್ವ ಇದೆ, ಅದು ರಾಣಿಯ ಕಿವಿ ಊದುತ್ತದೆ. ದಯವಿಟ್ಟು ತೆಗೆದುಬಿಡಿ. ಅದೂ ಖಳನ ಹಿಂದಿನ ಖಳನೇ. ಗ್ರಿಮ್ ಕತೆಯ ಕನ್ನಡಿ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಅಷ್ಟೇ. ಅದು ಸುಳ್ಳು ಹೇಳುವುದಿಲ್ಲ ಅಂತ ರಾಣಿಗೆ ಗೊತ್ತು ಅಂತ ಕತೆಯಲ್ಲೇ ಇದೆ. ಇಲ್ಲಿ ಸ್ವಲ್ಪ ನಿಲ್ಲಿ. ಅರಮನೆ ಅಂದರೆ ಹೊಗಳುಭಟ್ಟರ ಸಂತೆ. ಬೆಳಗಿಂದ ಸಂಜೆವರೆಗೆ ಎಲ್ಲರೂ "ನಿಮ್ಮಂಥ ಚೆಲುವೆ ಇಲ್ಲ" ಅನ್ನುವವರೇ. ಅಂಥ ಕಡೆ ಇವಳು ತನ್ನ ಕೋಣೆಯಲ್ಲಿ ಸುಳ್ಳು ಹೇಳದ ಒಂದು ವಸ್ತು ಇಟ್ಟುಕೊಂಡಿದ್ದಾಳೆ. ದಿನಾ ಅದರ ಎದುರು ನಿಂತು ಕೇಳುತ್ತಾಳೆ. ಧೈರ್ಯ ಬೇಕು ಇದಕ್ಕೆ.

ಅವಳ ಒಳ್ಳೆಯ ಗುಣ ಇದೇ. ಅವಳ ದೋಷ ಹುಟ್ಟುವುದೂ ಇಲ್ಲೇ. ನಿಜ ಬೇಕು, ಆದರೆ ಆ ನಿಜ ತಾನು ಹೇಳಿದ ಹಾಗೆ ಇರಬೇಕು. ಬೇಡದ ಉತ್ತರ ಬಂದ ದಿನ ಅವಳು ಕನ್ನಡಿ ಒಡೆಯುವುದಿಲ್ಲ, ಗಮನಿಸಿ. ಒಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಳೆಯಿಂದ ಕೇಳುವುದನ್ನು ಬಿಟ್ಟಿದ್ದರೂ ಆಗುತ್ತಿತ್ತು. ಅವಳು ಕನ್ನಡಿಯನ್ನು ಹಾಗೇ ಬಿಟ್ಟು ಲೋಕವನ್ನು ತಿದ್ದಲು ಹೊರಡುತ್ತಾಳೆ. ಪಾತ್ರದ ಒಳ್ಳೆಯತನ ಒಂದು ಪುಟದಲ್ಲಿ, ಕೆಟ್ಟತನ ಇನ್ನೊಂದು ಪುಟದಲ್ಲಿ ಇಟ್ಟರೆ ಎರಡೂ ಅಂಟುವುದಿಲ್ಲ. ಎರಡಕ್ಕೂ ಬೇರು ಒಂದೇ ಇರಬೇಕು. ನಿಮ್ಮ ಮೊದಲ ಕರಡಿನ ರಾಣಿ ಬಡವರಿಗೆ ಅನ್ನ ಹಾಕುತ್ತಾಳೆ, ನಾಯಿಮರಿ ಸಾಕುತ್ತಾಳೆ. ಅದಕ್ಕೂ ಅವಳು ಮಾಡುವ ಕೊಲೆಗೂ ಏನು ಸಂಬಂಧ? ಏನೂ ಇಲ್ಲ. ಅದಕ್ಕೇ ಅದು ಮೇಲೆ ಬಳಿದ ಸುಣ್ಣದ ಹಾಗೆ ಕಾಣುತ್ತದೆ.

ಕನ್ನಡಿಯ ಬಗ್ಗೆ ಇನ್ನೊಂದು ಮಾತು, ನಿಮ್ಮ ಕೆಲಸಕ್ಕೆ ಬರಬಹುದು. ಜರ್ಮನಿಯಲ್ಲಿ ಲೋರ್ ಆಮ್ ಮೈನ್ ಅನ್ನುವ ಊರಿದೆ. 18ನೇ ಶತಮಾನದಲ್ಲಿ ಅಲ್ಲಿ ಹೆಸರಾಂತ ಕನ್ನಡಿ ಕಾರ್ಖಾನೆ ಇತ್ತು. ಸ್ನೋ ವೈಟ್ ನಮ್ಮೂರಿನ ಹುಡುಗಿಯೇ ಅಂತ ಆ ಊರಿನವರು ಅರ್ಧ ತಮಾಷೆಯಾಗಿ ಹೇಳಿಕೊಳ್ಳುತ್ತಾರೆ. ಅಲ್ಲಿನ ಮ್ಯೂಸಿಯಂನಲ್ಲಿ "ಮಾತಾಡುವ ಕನ್ನಡಿ" ಅಂತ ಒಂದನ್ನು ಇಟ್ಟಿದ್ದಾರೆ. ಅದನ್ನು ನಂಬಬೇಕು ಅಂತಲ್ಲ. ಆದರೆ ಆ ಕಾಲದಲ್ಲಿ ಕನ್ನಡಿ ಹೇಗೆ ಮಾಡುತ್ತಿದ್ದರು ಅನ್ನುವುದು ಸ್ವಾರಸ್ಯವಾಗಿದೆ. ತವರದ ತೆಳು ಹಾಳೆಯ ಮೇಲೆ ಪಾದರಸ ಹರಡಿ, ಅದರ ಮೇಲೆ ಗಾಜು ಒತ್ತುತ್ತಿದ್ದರು. ಕೆಲಸಗಾರರಿಗೆ ಪಾದರಸದ ವಿಷ ಏರುತ್ತಿತ್ತು. ಕನ್ನಡಿ ಬಹಳ ದುಬಾರಿ ವಸ್ತು. ನಿಮ್ಮ ಮಾಯಾಕನ್ನಡಿಗೆ ದೆವ್ವದ ಬದಲು ಇಂಥ ಮೈ ಕೊಡಿ. ಅಂಚಿನಲ್ಲಿ ಕಪ್ಪು ಕಲೆ ಬಿದ್ದಿರಲಿ. ಯಾವ ಊರಿನದು, ಯಾರು ಹೊತ್ತು ತಂದರು, ಅದೆಲ್ಲ ಅವಳಿಗೆ ಗೊತ್ತಿರಲಿ.

ಮುಂದಿನದು ನಿಮಗೆ ಕಷ್ಟವಾಗುವ ಜಾಗ. ಹುಡುಗಿಯ ವಯಸ್ಸು. ಕನ್ನಡಿ ಮೊದಲ ಸಲ ಸ್ನೋ ವೈಟ್ ಹೆಸರು ಹೇಳುವಾಗ ಆ ಮಗುವಿಗೆ ಏಳು ವರ್ಷ. ನೀವು ಹದಿನೇಳು ಮಾಡಿದ್ದೀರಿ. ಯಾಕೆ ಅಂತ ಗೊತ್ತಾಗುತ್ತದೆ. ಹದಿನೇಳರ ಹುಡುಗಿ ಆದರೆ ಇಬ್ಬರು ಹೆಂಗಸರ ಪೈಪೋಟಿ ಆಗುತ್ತದೆ, ಅಪರಾಧ ಹಗುರಾಗುತ್ತದೆ. ಆಮೇಲೆ ಅವಳ ಬಾಯಿಗೆ ಒಂದಿಷ್ಟು ಕೊಬ್ಬಿನ ಮಾತು ಹಾಕಿದ್ದೀರಿ. ಗೆಳತಿಗೆ ಸ್ನೋ ವೈಟೇ ಕೆಟ್ಟವಳು ಅನ್ನಿಸಿದ್ದು ಅದಕ್ಕೇ. ಖಳನ ಕಡೆಯಿಂದ ಕತೆ ಹೇಳುವವರು ಜಾಸ್ತಿ ಜಾರುವುದು ಇಲ್ಲೇ. ಒಬ್ಬರ ತೂಕ ಏರಿಸಲು ಇನ್ನೊಬ್ಬರ ತೂಕ ಇಳಿಸುತ್ತಾರೆ. ಏಳು ವರ್ಷ ಹಾಗೇ ಇರಲಿ. ಲಿವರ್ ಬೇಯಿಸಿದ ದೃಶ್ಯವೂ ಇರಲಿ. ಬೇಟೆಗಾರ ತಂದದ್ದು ಕಾಡುಹಂದಿ ಮರಿಯದು, ಅವಳಿಗೆ ಗೊತ್ತಿಲ್ಲ. ಅಡುಗೆಯವನು ಉಪ್ಪು ಹಾಕಿ ಬೇಯಿಸುತ್ತಾನೆ, ಅವಳು ತಿನ್ನುತ್ತಾಳೆ. ಆ ಊಟ ಕನಿಕರಕ್ಕೆ ಕಲ್ಲು ಹಾಕುತ್ತದೆ, ನಿಜ. ಹಾಕಲಿ ಬಿಡಿ. ಇಷ್ಟು ನೋಡಿದ ಮೇಲೂ ಓದುವವರು ಅವಳ ಜೊತೆ ಮುಂದಿನ ಪುಟಕ್ಕೆ ಬರಬೇಕು. ನಿಮ್ಮ ಕಸುಬು ಇರುವುದು ಅಲ್ಲಿ.

ಹೇಗೆ ಬರುತ್ತಾರೆ? ಆಮೇಲೆ ಅವಳು ಮಾಡುವ ಮೂರು ಪ್ರಯತ್ನ ನೋಡಿ. ಇಡೀ ಕತೆಯ ಅತ್ಯಂತ ಬೆಲೆಬಾಳುವ ಭಾಗ ಇದು, ನೀವು ಅರ್ಧ ಪುಟದಲ್ಲಿ ಮುಗಿಸಿದ್ದೀರಿ. ಬೇಟೆಗಾರ ಕೈಕೊಟ್ಟ ಮೇಲೆ ಅವಳು ಇನ್ಯಾರನ್ನೂ ನಂಬುವುದಿಲ್ಲ. ತಾನೇ ಹೋಗುತ್ತಾಳೆ. ಏಳು ಬೆಟ್ಟ ದಾಟಿ, ನಡೆದು. ಒಮ್ಮೆ ಅಲ್ಲ, ಮೂರು ಸಲ. ಮೊದಲ ಸಲ ರವಿಕೆಯಂಥ ಎದೆಕಟ್ಟು ಬಿಗಿಯುವ ಬಣ್ಣದ ದಾರ ಮಾರುವ ಮುದುಕಿಯಾಗಿ. ಎರಡನೇ ಸಲ ಇನ್ನೊಂದು ಮುದುಕಿಯಾಗಿ, ಕೈಯಲ್ಲಿ ಬಾಚಣಿಗೆ. ಮೂರನೇ ಸಲ ರೈತ ಹೆಂಗಸಾಗಿ, ಸೇಬಿನೊಂದಿಗೆ. ಲೋಕದಲ್ಲೇ ಚೆಲುವೆ ಅನ್ನಿಸಿಕೊಳ್ಳಲು ಹೊರಟವಳು ಅದಕ್ಕಾಗಿ ತನ್ನ ಮುಖಕ್ಕೆ ತಾನೇ ಬಣ್ಣ ಬಳಿದು ಚೆಲುವು ಮುಚ್ಚಿಕೊಳ್ಳುತ್ತಾಳೆ. ಆ ವೇಷದಲ್ಲಿ ದಾರಿಯುದ್ದಕ್ಕೂ ಯಾರೂ ಅವಳನ್ನು ತಿರುಗಿ ನೋಡಿರಲಿಕ್ಕಿಲ್ಲ. ಅವಳ ಜೀವನದಲ್ಲಿ ಅಂಥ ದಿನ ಅದೇ ಮೊದಲೇನೋ. ಅವಳಿಗೆ ಹೇಗನ್ನಿಸಿತು? ಅವಮಾನವೋ, ಹಾಯೋ? ಗ್ರಿಮ್ ಹೇಳಿಲ್ಲ. ಬರೆಯಲು ನಿಮಗೆ ಬಿಟ್ಟ ಜಾಗ ಅದು.

ಇನ್ನೂ ಒಂದು ಇದೆ. ಬಾಗಿಲಲ್ಲಿ ನಿಂತು ಅವಳು ಏನು ಹೇಳುತ್ತಾಳೆ? ಹೇಗೆ ಕಾಣ್ತಿದ್ದೀಯಾ ನೋಡು ಮಗು, ಬಾ, ಒಂದು ಸಲವಾದರೂ ಸರಿಯಾಗಿ ದಾರ ಕಟ್ಟುತ್ತೇನೆ ಅನ್ನುತ್ತಾಳೆ. ಎರಡನೇ ಸಲ, ಬಾ, ಒಂದು ಸಲ ಸರಿಯಾಗಿ ತಲೆ ಬಾಚುತ್ತೇನೆ ಅನ್ನುತ್ತಾಳೆ. ಮೂರನೇ ಸಲ ಹಣ್ಣು ತಿನ್ನಿಸುತ್ತಾಳೆ. ಬಟ್ಟೆ ಕಟ್ಟುವುದು, ತಲೆ ಬಾಚುವುದು, ತಿನ್ನಿಸುವುದು. ತಾಯಿ ದಿನಾ ಬೆಳಗ್ಗೆ ಮಗುವಿಗೆ ಮಾಡುವ ಮೂರು ಕೆಲಸ. ಅರಮನೆಯಲ್ಲಿ ಇದ್ದಷ್ಟು ದಿನ ಅವಳು ಇವನ್ನು ಒಮ್ಮೆಯೂ ಮಾಡಿರಲಿಕ್ಕಿಲ್ಲ, ದಾದಿಯರಿದ್ದರಲ್ಲ. ಕೊಲ್ಲಲು ಬಂದ ದಿನ ಮಾಡುತ್ತಾಳೆ. ಸೇಬಿನ ದೃಶ್ಯದಲ್ಲಂತೂ ಅದನ್ನು ಎರಡು ಹೋಳು ಮಾಡಿ, ವಿಷವಿಲ್ಲದ ಬಿಳಿ ಹೋಳನ್ನು ತಾನು ತಿಂದು, ಕೆಂಪು ಹೋಳನ್ನು ಹುಡುಗಿಗೆ ಕೊಡುತ್ತಾಳೆ. ತಾಯಿ ಮಗಳು ಒಂದೇ ಹಣ್ಣು ಹಂಚಿಕೊಂಡು ತಿಂದದ್ದು ಇಡೀ ಕತೆಯಲ್ಲಿ ಅದೊಂದೇ ಸಲ.

ಹುಡುಗಿಯ ಕಡೆಯಿಂದಲೂ ನೋಡಿ. ಕುಳ್ಳರು ಎಷ್ಟು ಎಚ್ಚರಿಸಿದರೂ ಅವಳು ಮೂರು ಸಲವೂ ಮೋಸ ಹೋಗುತ್ತಾಳೆ. ದಡ್ಡಿ ಅಂತ ನಗುತ್ತೇವೆ. ಹಗಲಿಡೀ ಒಬ್ಬಳೇ ಇರುವ ಮಗು ಅದು. ತಲೆ ಬಾಚುತ್ತೇನೆ ಬಾ ಅಂದರೆ ಬಾಗಿಲು ತೆಗೆಯದೆ ಇರುತ್ತದಾ? ಈ ಒಂದು ವಿಷಯ ರಾಣಿಗೆ ಗೊತ್ತು. ಆ ಮಗುವಿಗೆ ಏನು ಬೇಕು ಅಂತ ಲೋಕದಲ್ಲಿ ಸರಿಯಾಗಿ ತಿಳಿದವಳು ಅವಳೊಬ್ಬಳೇ. ತಿಳಿದದ್ದನ್ನು ಅವಳು ಬಳಸುವುದು ಹೀಗೆ. ನಿಮ್ಮ ನಲವತ್ತು ಪುಟದಲ್ಲಿ ಇಪ್ಪತ್ತನ್ನು ಈ ಮೂರು ನಡಿಗೆಗೆ ಕೊಡಿ ಅನ್ನುತ್ತೇನೆ.

ಸುಮ್ನೆ ಹೇಳಿದರೆ ಸಾಲದು ಅಂತ ಒಂದು ತುಣುಕು ಬರೆದು ತೋರಿಸುತ್ತೇನೆ. ಮೂರನೇ ನಡಿಗೆ, ದಾರಿಯಲ್ಲಿ. ಇದು ಗ್ರಿಮ್ ಕತೆಯಲ್ಲಿ ಇಲ್ಲ.

ಏಳನೇ ಬೆಟ್ಟದ ಬುಡದಲ್ಲಿ ಸೌದೆ ಹೊರೆಯ ಪಕ್ಕ ಒಬ್ಬ ಹೆಂಗಸು ನಿಂತಿದ್ದಳು. "ಒಂದು ಕೈ ಹಿಡಿಯಕ್ಕ" ಅಂದಳು. ರಾಣಿ ಹಿಂದೆ ತಿರುಗಿ ನೋಡಿದಳು. ಬೇರೆ ಯಾರೂ ಇರಲಿಲ್ಲ. ಬುಟ್ಟಿ ಕೆಳಗಿಟ್ಟು ಹೊರೆಗೆ ಕೈ ಹಾಕಿದಳು. ತೊಗಟೆ ಅಂಗೈ ತರಚಿತು. ಹೊರೆ ಬೆನ್ನಿಗೇರಿದ ಮೇಲೆ ಹೆಂಗಸು ಬುಟ್ಟಿಯೊಳಗೆ ಬಗ್ಗಿ ನೋಡಿ ಕೈ ಚಾಚಿದಳು.

"ಅದು ಬೇಡ" ಅಂದಳು ರಾಣಿ. ಪಕ್ಕದ ಸೇಬು ತೆಗೆದುಕೊಟ್ಟಳು. "ಇದನ್ನ ತಗೋ."

"ಅಷ್ಟು ಕೆಂಪಗಿರೋದು ಯಾರಿಗಕ್ಕ?"

"ಮಗಳಿಗೆ."

ಹೆಂಗಸು ಸೇಬು ಕಚ್ಚುತ್ತಾ ಹೊರಟಳು. ರಾಣಿ ಬೆವರು ಒರೆಸಿಕೊಂಡಳು. ಕೈಗೆ ಬಣ್ಣ ಹತ್ತಿತು. ಸೊಂಟದ ಚೀಲದಿಂದ ಡಬ್ಬಿ ತೆಗೆದು, ಕೆನ್ನೆಗೆ ಮತ್ತೆ ಬಳಿದುಕೊಂಡು, ಬುಟ್ಟಿ ಎತ್ತಿಕೊಂಡಳು.

ಇಲ್ಲಿ ಅವಳು ಅಳುವುದಿಲ್ಲ. ನನಗೆ ಹೀಗಾಗಿತ್ತು ಅಂತ ಹೇಳಿಕೊಳ್ಳುವುದೂ ಇಲ್ಲ. ಪರಿಚಯವಿಲ್ಲದ ಹೆಂಗಸಿನ ಜೀವ ಉಳಿಸುತ್ತಾಳೆ, ಅದೂ ಯೋಚನೆ ಮಾಡದೆ. ಬಾಯಿಂದ ಒಂದು ಮಾತು ಬರುತ್ತದೆ, ಅದು ಸುಳ್ಳೋ ನಿಜವೋ ಅವಳಿಗೂ ಗೊತ್ತಿಲ್ಲ. ವಾಪಸ್ ಹೋಗಲು ಸಮಯ ಇದೆ. ಬಣ್ಣ ಬಳಿದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇದೆ. ಅವಳು ಮುಂದೆ ಹೋಗುತ್ತಾಳೆ. ಇಂಥ ಜಾಗ ನಿಮ್ಮ ಕತೆಯಲ್ಲಿ ಮೂರಾದರೂ ಬೇಕು. ಪ್ರತಿ ಸಲವೂ ಹಿಂದೆ ತಿರುಗುವ ದಾರಿ ತೆರೆದಿರಲಿ, ಅದು ಅವಳಿಗೂ ಕಾಣುತ್ತಿರಲಿ. ದಾರಿಯೇ ಇರಲಿಲ್ಲ ಅಂತಾದರೆ ಅವಳು ಬರೀ ನತದೃಷ್ಟೆ. ಇತ್ತು, ಹೋಗಲಿಲ್ಲ ಅಂದಾಗ ಅವಳು ಮನುಷ್ಯಳು. ಎದೆ ಚುರ್ ಅನ್ನುವುದೂ ಅಲ್ಲೇ.

ಈ ಕೆಲಸ ಕನ್ನಡಕ್ಕೆ ಹೊಸದೇನಲ್ಲ. ನಾಗಚಂದ್ರ 12ನೇ ಶತಮಾನದ ಆರಂಭದ ಹೊತ್ತಿಗೇ ರಾವಣನಿಗೆ ಇದನ್ನು ಮಾಡಿದ್ದಾನೆ. ನಾವೆಲ್ಲ ಪಂಪ ರಾಮಾಯಣ ಅನ್ನುವ ಅವನ ರಾಮಚಂದ್ರಚರಿತಪುರಾಣ ಜೈನ ರಾಮಾಯಣ. ಅಲ್ಲಿನ ರಾವಣ ವ್ರತ ಹಿಡಿದವನು. ಒಲ್ಲದ ಪರಹೆಣ್ಣನ್ನು ಮುಟ್ಟುವುದಿಲ್ಲ ಅಂತ. ಬರೀ ಬಾಯಿಮಾತಿನ ವ್ರತ ಅಲ್ಲ. ಉಪರಂಭೆ ಅನ್ನುವವಳು ತಾನಾಗಿಯೇ ಒಲಿದು ಬಂದರೂ ಅವಳಿಗೆ ಬುದ್ಧಿ ಹೇಳಿ ಗಂಡನ ಹತ್ತಿರ ಕಳಿಸಿದವನು. ಅಂಥವನು ಸೀತೆಯನ್ನು ಕಂಡು ಸೋಲುತ್ತಾನೆ. ಸಮುದ್ರ ಕೂಡ ಒಮ್ಮೊಮ್ಮೆ ಕಾಲವಶದಿಂದ ಎಲ್ಲೆ ಮೀರುವುದಿಲ್ಲವೇ ಅಂತ ಕವಿ ಕೇಳುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಅದೂ ವಕೀಲಿಕೆಯೇ ಆಗುತ್ತಿತ್ತು.

ನಾಗಚಂದ್ರ ನಿಲ್ಲುವುದಿಲ್ಲ. ಮುಂದೆ ಸೀತೆಯ ಸಂಕಟ ಕಣ್ಣಾರೆ ಕಂಡು ರಾವಣನ ಮನಸ್ಸು ತಿರುಗುತ್ತದೆ. ತಾನು ಮಾಡಿದ್ದು ಕೆಟ್ಟ ಕೆಲಸ ಅಂತ ಅವನಿಗೇ ಅನ್ನಿಸುತ್ತದೆ. ಸೀತೆಯನ್ನು ಕೊಟ್ಟುಬಿಡಬೇಕು ಅಂತ ತೀರ್ಮಾನಿಸುತ್ತಾನೆ. ಆದರೆ ಈಗಲೇ ಅಲ್ಲ! ಈಗ ಕೊಟ್ಟರೆ ಹೆದರಿ ಕೊಟ್ಟ ಅಂದಾರು. ಮೊದಲು ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಗೆದ್ದು ಸೆರೆ ಹಿಡಿದು, ಆಮೇಲೆ ಕೊಡುತ್ತೇನೆ ಅನ್ನುತ್ತಾನೆ. ಪಶ್ಚಾತ್ತಾಪ ನಿಜ, ಅಹಂಕಾರವೂ ನಿಜ. ಯುದ್ಧಕ್ಕೆ ಹೋಗುತ್ತಾನೆ, ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಬಿ.ಎಂ.ಶ್ರೀ. ಅವರು ಈ ರಾವಣನನ್ನು ದುರಂತ ನಾಯಕನೆಂದೇ ನೋಡಿ ಪ್ರಬಂಧ ಬರೆದರು. ಎಷ್ಟು ಸಲ ಓದಿದರೂ ನನಗೆ ಆ "ಆಮೇಲೆ ಕೊಡುತ್ತೇನೆ" ಅನ್ನುವ ಜಾಗದಲ್ಲಿ ಕೈ ಹಿಸುಕಿಕೊಳ್ಳುವ ಹಾಗೆ ಆಗುತ್ತದೆ. ಒಳ್ಳೆಯ ಮನಸ್ಸು ಬಂತು, ಅದನ್ನು ನಾಳೆಗೆ ಹಾಕಿದ. ನಿಮ್ಮ ರಾಣಿಗೂ ಇಂಥದ್ದೊಂದು "ಆಮೇಲೆ" ಹುಡುಕಿ.

ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂನಲ್ಲಿ ಮಂಥರೆಗೆ ಮಾಡಿದ್ದನ್ನೂ ನೋಡಿ. ಆ ಭಾಗದ ಹೆಸರೇ "ಮಮತೆಯ ಸುಳಿ ಮಂಥರೆ". ಕೈಕೆಯ ಮೇಲೆ, ಭರತನ ಮೇಲೆ ಅವಳಿಗಿರುವ ಪ್ರೀತಿಯೇ ಊರು ಮುಳುಗಿಸುತ್ತದೆ. ಒಂದೇ ಬೇರು ಅಂದೆನಲ್ಲ, ಅದು ಇಲ್ಲೂ ಇದೆ.

ಹೇಳುವವರು ಯಾರು ಅನ್ನುವ ಪ್ರಶ್ನೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮದು "ನಾನು" ಅಂತ ರಾಣಿಯೇ ಹೇಳುವ ಕತೆ. ಹಾಗೆ ಬರೆಯುವಾಗ ಅವಳು ಬುದ್ಧಿವಂತೆಯಾದಷ್ಟೂ ತನ್ನನ್ನು ಸಮರ್ಥಿಸಿಕೊಳ್ಳುತ್ತಾ ಹೋಗುತ್ತಾಳೆ, ಬರೆಯುವವರು ಅವಳ ಮಾತಿಗೆ ಮರುಳಾಗುತ್ತಾರೆ. ನೀವು ಮರುಳಾಗಿದ್ದೀರಿ. ಬಿಡಲು ಇಷ್ಟವಿಲ್ಲದಿದ್ದರೆ ಅವಳು ಹೇಳುವುದಕ್ಕೂ ನಡೆದದ್ದಕ್ಕೂ ನಡುವೆ ಸಂದು ಬಿಡಿ. "ಆ ಮಗುವಿನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ" ಅಂತ ಹೇಳಲಿ, ಮುಂದಿನ ಸಾಲಿನಲ್ಲೇ ಮಗುವಿನ ಕೂದಲು ಎಷ್ಟು ಉದ್ದ, ಯಾವ ದಿನ ಎಣ್ಣೆ ಹಾಕಿದ್ದರು ಅಂತ ಎಲ್ಲ ಬಿಡದೆ ವರದಿ ಮಾಡಲಿ. ಓದುವವರಿಗೆ ಸಿಕ್ಕಿಬೀಳುತ್ತಾಳೆ. ನನ್ನ ಕೇಳಿದರೆ "ಅವಳು" ಅಂತ ಪಕ್ಕದಲ್ಲಿ ನಿಂತು ಹೇಳುವುದೇ ವಾಸಿ. ಇನ್ನು ಹುಡುಗಿ ಅವಳನ್ನು ಏನಂತ ಕರೆಯುತ್ತಾಳೆ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಅಮ್ಮ ಅಂತಲೋ, ಚಿಕ್ಕಮ್ಮ ಅಂತಲೋ, ಆಳುಗಳ ಹಾಗೆ ರಾಣಿಯವರೇ ಅಂತಲೋ. ಈಗಿನ ಕರಡಿನಲ್ಲಿ ಮೂರೂ ಬಂದಿವೆ, ಬೇಕಂತ ಬಂದ ಹಾಗಿಲ್ಲ.

ಕೊನೆಗೆ ಕ್ಷಮೆಯೋ ಸಾವೋ ಅನ್ನುವುದು. ಗ್ರಿಮ್ ಕತೆಯ ಕೊನೆಯನ್ನು ಬಹಳ ಜನ ಮರೆತಿರುತ್ತಾರೆ. ಸ್ನೋ ವೈಟ್ ಮದುವೆಗೆ ರಾಣಿಗೂ ಕರೆ ಬರುತ್ತದೆ. ಒಳ್ಳೆಯ ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತು ಕೇಳುತ್ತಾಳೆ. ಹೊಸ ರಾಣಿ ನಿನಗಿಂತ ಸಾವಿರ ಪಾಲು ಚೆಲುವೆ ಅನ್ನುತ್ತದೆ ಅದು. ಮೊದಲು ಹೋಗುವುದೇ ಬೇಡ ಅಂದುಕೊಳ್ಳುತ್ತಾಳೆ. ಆದರೆ ಜೀವ ತಡೆಯುವುದಿಲ್ಲ. ಆ ಹೊಸ ರಾಣಿಯನ್ನು ಕಣ್ಣಾರೆ ನೋಡಲೇಬೇಕು. ಹೋಗುತ್ತಾಳೆ. ಒಳಗೆ ಕಾಲಿಟ್ಟವಳಿಗೆ ಗುರುತು ಸಿಗುತ್ತದೆ, ನಿಂತಲ್ಲೇ ಮರಗಟ್ಟುತ್ತಾಳೆ. ಅಷ್ಟು ಹೊತ್ತಿಗಾಗಲೇ ಕೆಂಡದ ಮೇಲೆ ಕಬ್ಬಿಣದ ಚಪ್ಪಲಿ ಇಟ್ಟಾಗಿರುತ್ತದೆ. ಇಕ್ಕಳದಲ್ಲಿ ಹಿಡಿದು ತಂದು ಮುಂದಿಡುತ್ತಾರೆ. ಕೆಂಪಗೆ ಕಾದ ಆ ಚಪ್ಪಲಿಯಲ್ಲಿ ಸತ್ತು ಬೀಳುವ ತನಕ ಅವಳು ಕುಣಿಯಬೇಕು.

ಚಪ್ಪಲಿ ಮೊದಲೇ ಕಾದಿತ್ತು ಅನ್ನುವುದನ್ನು ನೋಡಿ. ಯಾರೋ ಯೋಚಿಸಿ, ಕಮ್ಮಾರನಿಗೆ ಹೇಳಿ, ಕಾಲಿನ ಅಳತೆ ಕೊಟ್ಟು ಮಾಡಿಸಿದ್ದಾರೆ. ಆಮೇಲೆ ಮದುವೆಗೆ ಕರೆದಿದ್ದಾರೆ. ಒಳ್ಳೆಯವರ ಕಡೆಯವರು! ನೀವು ಏನನ್ನೂ ಸೇರಿಸದೆ, ಇದ್ದದ್ದನ್ನು ಇದ್ದ ಹಾಗೆ ನಿಧಾನವಾಗಿ ಹೇಳಿದರೆ ಸಾಕು. ಇಡೀ ಕತೆಯಲ್ಲಿ ಓದುವವರು ರಾಣಿಯ ಪಕ್ಕ ಹೋಗಿ ನಿಲ್ಲುವುದು ಆ ಗಳಿಗೆಯಲ್ಲಿ. ಅದಕ್ಕಾಗಿ ಅವಳ ಒಂದು ತಪ್ಪನ್ನೂ ನೀವು ತೊಳೆಯಬೇಕಾಗಿಲ್ಲ.

ಹಾಗಾಗಿ ಸಾಯಿಸಿ ಅಂತಲೇ ನನ್ನ ಅಭಿಪ್ರಾಯ. ಎರಡನೇ ಕರಡಿನಲ್ಲಿ ಸ್ನೋ ವೈಟ್ ಓಡಿಬಂದು ಅಪ್ಪಿಕೊಂಡು ಕ್ಷಮಿಸುವುದು ನಂಬಲು ಕಷ್ಟ. ಮೂರು ಸಲ ಸತ್ತು ಬದುಕಿದ ಹುಡುಗಿ ಅವಳು. ಕ್ಷಮಿಸುವ ಹಕ್ಕು ಇರುವುದು ಅವಳೊಬ್ಬಳಿಗೆ, ಬರೆಯುವವರಿಗಲ್ಲ. ಅವಳಿಂದ ಒತ್ತಾಯ ಮಾಡಿ ಕೊಡಿಸಬೇಡಿ. ಬದುಕಿಸಲೇಬೇಕು ಅಂತ ನಿಮಗೆ ಹಟ ಇದ್ದರೆ, ಚಪ್ಪಲಿ ತಂದಿಟ್ಟಾಗ ಸ್ನೋ ವೈಟ್ "ಬೇಡ" ಅನ್ನಬಹುದು. ಆದರೆ ಅದು ಕ್ಷಮೆ ಅಲ್ಲ. ನನ್ನ ಮದುವೆ ಮನೆಯಲ್ಲಿ ಇದು ಬೇಡ ಅನ್ನುವಷ್ಟೇ ಅರ್ಥ. ಅಲ್ಲಿಂದ ರಾಣಿ ಎಲ್ಲಿಗೆ ಹೋಗುತ್ತಾಳೆ ಅನ್ನುವುದು ಬೇರೆ ಕತೆಯಾಗುತ್ತದೆ, ನಲವತ್ತು ಪುಟ ಸಾಲುವುದಿಲ್ಲ.

ಮೂರನೇ ಕರಡನ್ನು ಮೊದಲಿಂದ ಬರೆಯಲು ಕೂರಬೇಡಿ. ಮದುವೆಗೆ ಹೊರಡುವ ಬೆಳಗಿನ ದೃಶ್ಯವನ್ನು ಮೊದಲು ಬರೆಯಿರಿ. ಬಟ್ಟೆ ತೊಟ್ಟಾಗಿದೆ, ಕನ್ನಡಿ ಉತ್ತರ ಕೊಟ್ಟಾಗಿದೆ, ಗಾಡಿ ಬಾಗಿಲಲ್ಲಿ ನಿಂತಿದೆ. ಹೋಗದೆ ಇರಬಹುದು, ಯಾರೂ ಬಲವಂತ ಮಾಡುತ್ತಿಲ್ಲ. ಮೂರು ಪುಟ ಸಾಕು, ಬಾಲ್ಯದ ನೆನಪು ಒಂದೂ ಬೇಡ. ಬರೆದದ್ದನ್ನು ಗೆಳತಿಗೂ ತಮ್ಮನಿಗೂ ಬೇರೆಬೇರೆಯಾಗಿ ಓದಲು ಕೊಡಿ. ಅವಳು ಗಾಡಿ ಹತ್ತಬಾರದಿತ್ತು ಅಂತ ಇಬ್ಬರಿಗೂ ಅನ್ನಿಸಿದರೆ ಉಳಿದ ಮೂವತ್ತೇಳು ಪುಟಕ್ಕೆ ಕೈ ಹಾಕಿ.